ಮೃತ್ಯುಪತ್ರ ಹೆಣ್ಮಕ್ಕಳೂ ಬರೀಬಹುದೇನ್ರಿ?

"ಮೃತ್ಯುಪತ್ರ ಅಂದ್ರ ಗಂಡಸರ ಕಾಗದ, ನಮಗ್ಯಾಕ?" ಅಂತ ಭಾಳ ಮಂದಿ ಕೇಳ್ತಾರ. ನಮ್ಮ ಅಜ್ಜಿಯರ ಕಾಲದಾಗ ಆ ಮಾತು ಹೆಚ್ಚುಕಡಿಮಿ ಖರೇನ ಇತ್ತು.

ಆಗ ಹೆಣ್ಮಗಳು ಪೂರಾ ನಂದು ಅನ್ನೋದು ಸ್ತ್ರೀಧನಕ್ಕಷ್ಟ. ಅಂದ್ರ ಮೈಮ್ಯಾಲಿನ ಬಂಗಾರ, ತವರಿನವರು ಕೊಟ್ಟದ್ದು. 1937ರ ಕಾಯ್ದೆ ಬಂದ ಮ್ಯಾಲ ವಿಧವೆಗೆ ಗಂಡನ ಪಾಲು ಸಿಕ್ಕಿತು. ಆದ್ರ ಬದುಕಿರೋತನಕ ಅನುಭೋಗಿಸಬೇಕು ಅಷ್ಟ. ಬೇಕಾದವರಿಗೆ ಬರದು ಕೊಡೋಹಂಗಿರಲಿಲ್ಲ. ಆಕಿ ಕಣ್ಣು ಮುಚ್ಚಿದ್ರ ಆಸ್ತಿ ಮತ್ತ ಗಂಡನ ವಾರಸುದಾರರಿಗೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಈ ಗಂಟು ಬಿಚ್ಚಿತು. ಹೆಣ್ಮಗಳ ಆಸ್ತಿಗೆ ಆಕೀನ ಪೂರಾ ಒಡತಿ ಆದಳು. 1994ರಾಗ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಾಗ ಮಗಳಿಗೂ ಮಗನಷ್ಟ ಪಾಲು ಕೊಟ್ಟಿತು, ಆದ್ರ ಅದಕ್ಕೂ ಮೊದಲ ಲಗ್ನ ಆದವರನ್ನ ಬಿಟ್ಟಿತು. 2005ರಾಗ ಇಡೀ ದೇಶದ ಕಾಯ್ದೆ ತಿದ್ದಿದಾಗ ಆ ಭೇದಾನೂ ಹೋತು.

ಹಕ್ಕು ಬಂತು, ಬರದಿಡೋ ರೂಢಿ ಮಾತ್ರ ಬರಲಿಲ್ಲ. ಅದೇ ಕಾಯ್ದೆಯ 15ನೇ ಕಲಮು ಏನು ಹೇಳ್ತದ ನೋಡ್ರಿ. ಹೆಣ್ಮಗಳು ಏನೂ ಬರೀದ ತೀರಿಕೊಂಡ್ರ ಆಕಿ ಗಳಿಸಿದ್ದು ಮೊದಲ ಗಂಡಗ, ಮಕ್ಕಳಿಗೆ. ಅವರ್ಯಾರೂ ಇಲ್ಲಂದ್ರ ಹೆತ್ತವರಿಗಿಂತ ಮೊದಲ ಗಂಡನ ವಾರಸುದಾರರಿಗೆ. ಮಕ್ಕಳಿಲ್ಲದಾಕಿಗೆ ತಂದೆ-ತಾಯಿಯಿಂದ ವಾರಸಾಗಿ ಬಂದ ಆಸ್ತಿ ಅಷ್ಟ ತಂದೆ ಕಡೆಯವರಿಗೆ ಹೋಗ್ತದ.

ನಮ್ಮ ಬಳಗದಾಗ ಒಬ್ಬಾಕಿ ಚಿಕ್ಕವ್ವ, ಮಕ್ಕಳಿಲ್ಲ, ಗಂಡ ಲಗೂನ ಹೋದ. ಹೊಲಿಗಿ ಹೊಲದು ಎರಡು ಖೋಲಿ ಮನಿ ಕಟ್ಟಿಸಿದ್ದಳು. ಕಡೇಕ ನೀರು ಕುಡಿಸಿದಾಕಿ ತಂಗಿ ಮಗಳು. ಮನಿ ಹೋದದ್ದು ಭಾವನ ಮಕ್ಕಳಿಗೆ. ಅವರು ಒಂದು ದಿನಾನೂ ಬಂದು ನೋಡಿದವರಲ್ಲ. ಕಾಯ್ದೆ ತಾನು ಹೇಳಿದ್ದ ಮಾಡಿತು. ಆಕಿ ಮನಸ್ಸಿನಾಗ ಏನಿತ್ತು ಅಂತ ಹೇಳೋ ಕಾಗದ ಇರಲಿಲ್ಲ.

ಆ ಕಾಗದಕ್ಕ ಸ್ಟಾಂಪ್ ಪೇಪರ್ ಬೇಕಾಗಿಲ್ಲ, ಬಿಳಿ ಹಾಳಿ ಸಾಕು. ನಿಮ್ಮ ಸಹಿ ಇಬ್ಬರು ಸಾಕ್ಷಿದಾರರ ಮುಂದ ಆಗಬೇಕು, ಅವರೂ ನಿಮ್ಮ ಮುಂದ ಸಹಿ ಹಾಕಬೇಕು. ಆಸ್ತಿ ಸಿಗೋವರನ್ನ ಸಾಕ್ಷಿ ಮಾಡದಿದ್ರ ಚಲೋ. ನೋಂದಣಿ ಕಡ್ಡಾಯ ಅಲ್ಲ, ಆದ್ರ ಸಬ್‌ರಜಿಸ್ಟ್ರಾರ್ ಆಫೀಸಿನಾಗ ಮಾಡಿಸಿದ್ರ ಮುಂದ ತಕರಾರು ಕಡಿಮಿ. ಮನಸ್ಸು ಬದಲಾದ್ರ ಮತ್ತೊಂದು ಬರೀರಿ, ಕಡೇಕ ಬರದದ್ದ ನಡೀತದ.

ಬರದ್ರ ಸಾವು ಲಗೂ ಬರ್ತದ ಅಂತ ಅಂಜಬ್ಯಾಡ್ರಿ. ನಮ್ಮ ಅಜ್ಜಿಗೆ ಇಲ್ಲದ ಹಕ್ಕು ನಮ್ಮ ಕೈಯಾಗದ. ಕಪಾಟಿನಾಗಿನ ಬಂಗಾರದಷ್ಟ ಜ್ವಾಕಿಲೆ ಅದನ್ನೂ ಬಳಸೋಣ.