ಏಡಿ ನೀಹಾರಿಕೆ ಮತ್ತು ನಮ್ಮೂರ ಕಲ್ಲಿನ ಲೆಕ್ಕ

1/7
ನಿಮ್ಮ ಸ್ಟೋರಿಯೊಳಗ ವಾರಕ್ಕೊಮ್ಮೆಯಾದ್ರೂ ಒಂದು ನೀಹಾರಿಕೆ ಫೋಟೋ ಬಂದೇ ಬರ್ತೈತಿ. ಕೆಂಪು, ನೀಲಿ, ಹಸಿರು ಹೊಗೆ, ಅದರ ಮೇಲೊಂದು ಬ್ರೇಕಪ್ ಸಾಲು. ಇರಲಿ, ಚಂದ ಅದಾವ. ಆದ್ರ ಅದರಾಗ ಎಷ್ಟೋ ಫೋಟೋ ಸತ್ತ ನಕ್ಷತ್ರದ್ದು, ಇಲ್ಲಾ ಸಾಯಾಕತ್ತಿರೋ ನಕ್ಷತ್ರದ್ದು. ಒಂದಕ್ಕಂತೂ ಸತ್ತ ಸುದ್ದಿ ಭೂಮಿಗೆ ಮುಟ್ಟಿದ ತಾರೀಖೇ ಐತಿ: 1054ರ ಜುಲೈ 4. ಅದಕ್ಕೆ ಈಗ ಏಡಿ ನೀಹಾರಿಕೆ ಅಂತಾರೆ.

ಇತಿಹಾಸದ ಪೋಸ್ಟಿನ್ಯಾಗ ಆಕಾಶ ಯಾಕ ಬಂತು ಅಂತ ಕೇಳಬ್ಯಾಡ್ರಿ. ಅವತ್ತು ನಮ್ಮ ಮುಗದದಾಗ ಒಂದು ಕಲ್ಲು ಇತ್ತು. ಅದಕ್ಕ ಆಗ ಒಂಬತ್ತು ವರ್ಷ.

2/7
ಮುಗದ ಅಂದ್ರ ನಿಮಗೆ ನೆನಪಾಗೋದು ಕುಂಬಾರರ ಮಡಿಕೆ, ಗಣಪತಿ, ದೊಡ್ಡ ಕೆರೆ. ಮನ್ಯಾಗ ಭತ್ತ ಬೆಳೆಯವರಿದ್ರ ‘ಮುಗದ ಸುಗಂಧ’ ತಳಿ. ಧಾರವಾಡದಿಂದ ಲೋಂಡಾ ಕಡೆ ರೈಲಿನ್ಯಾಗ ಹೋದವರು ಸ್ಟೇಷನ್ ಬೋರ್ಡ್ ನೋಡಿರ್ತೀರಿ. ಆದ್ರ ಶಾಸನ ಓದುವವರಿಗೆ ನಮ್ಮೂರು ಬೇರೆ ಕಾರಣಕ್ಕ ಗೊತ್ತು. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ ಆಳುತ್ತಿದ್ದ ಕಾಲದ, 1045ರ ಒಂದು ಕನ್ನಡ ಶಾಸನ ಇಲ್ಲಿಯದು. ಅದರಲ್ಲಿ ಊರಿನ ಹೆಸರು ಮುಗುಂದ. ‘ಸಮ್ಯಕ್ತ್ವ ರತ್ನಾಕರ’ ಎಂಬ ಚೈತ್ಯಾಲಯದ ಮಾತು ಅದರಲ್ಲಿ ಬರುತ್ತದೆ, ಯಾಪನೀಯ ಸಂಘದ ಜೈನ ಮುನಿಗಳ ಹೆಸರು ಬರುತ್ತವೆ. ಯಾಪನೀಯ ಅನ್ನೋ ಪಂಥ ಈಗ ಎಲ್ಲೂ ಇಲ್ಲ. ಒಂದು ಕಾಲಕ್ಕೆ ಅವರು ನಮ್ಮ ಓಣಿಯಾಗ ಓಡಾಡ್ಯಾರ. ನನಗ ಇದು ಭಾಳ ಕಾಡತೈತಿ, ಆದ್ರ ಅದು ಬೇರೆ ಪೋಸ್ಟು.

3/7
ಈಗ ಆ ನಕ್ಷತ್ರದ ಕಡೆ ಬರೂಣು. ನಮ್ಮ ಸೂರ್ಯನಿಗಿಂತ ಎಂಟು-ಹತ್ತು ಪಟ್ಟು ಭಾರದ ನಕ್ಷತ್ರ. ಒಳಗಿನ ಇಂಧನ ಮುಗಿಯಿತು. ಅಲ್ಲೀತನಕ ಒಳಗಿನ ಶಾಖ ಹೊರಗೆ ತಳ್ಳುತ್ತಿತ್ತು, ಗುರುತ್ವ ಒಳಗೆ ಎಳೆಯುತ್ತಿತ್ತು, ಎರಡೂ ಸಮಸಮ. ಟ್ಯಾಲಿ ಆಗುತ್ತಿದ್ದ ಲೆಕ್ಕ ಒಂದು ಕ್ಷಣದಲ್ಲಿ ತಪ್ಪಿತು: ತಿರುಳು ಕುಸಿಯಿತು, ಹೊರಮೈ ಸಿಡಿಯಿತು. ಹಿಂಗ ಸಿಡಿಯೋದಕ್ಕ ಸೂಪರ್‌ನೋವಾ ಅಂತಾರ.

ಸಿಡಿದ ಮೈಯೇ ಇವತ್ತಿನ ಫೋಟೋದಾಗ ಕಾಣೋ ಎಳೆಗಳು. ಹೈಡ್ರೋಜನ್, ಹೀಲಿಯಂ, ಆಮ್ಲಜನಕ, ಗಂಧಕ. ಸೆಕೆಂಡಿಗೆ ಸುಮಾರು 1500 ಕಿಲೋಮೀಟರ್ ವೇಗದಲ್ಲಿ ಇನ್ನೂ ಹರಡುತ್ತಾ ಇವೆ. ಕುಸಿದ ತಿರುಳು ನಡುವೆ ಉಳಿದಿದೆ. ಅದರ ಅಗಲ ಹೆಚ್ಚೂಕಡಿಮೆ ಧಾರವಾಡದಿಂದ ಹುಬ್ಬಳ್ಳಿಗೆ ಇದ್ದಷ್ಟು. ತೂಕ ಸೂರ್ಯನಿಗಿಂತ ಹೆಚ್ಚು. ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ. ಫೋಟೋದ ನಡುವಿನ ನೀಲಿ ಮಂಜು ಹುಟ್ಟೋದು ಈ ತಿರುಗುವಿಕೆಯ ಶಕ್ತಿಯಿಂದ: ಬೆಳಕಿನಷ್ಟೇ ವೇಗಕ್ಕೆ ಹತ್ತಿರ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತಿ ಬೆಳಗುತ್ತವೆ. ಅಂದ್ರ ಹೆಣದ ಒಳಗ ಇನ್ನೂ ದೀಪ ಉರೀತೈತಿ.

ಒಂದು ಮಾತು. ಅದು ಸುಮಾರು 6500 ಜ್ಯೋತಿರ್ವರ್ಷ ದೂರ. ಸತ್ತದ್ದು ಎಂದೋ, ಸುದ್ದಿ ಮುಟ್ಟಿದ್ದು 1054ರಾಗ.

4/7
ಚೀನಾದ ಸೋಂಗ್ ಅರಸರ ಆಸ್ಥಾನದಲ್ಲಿ ಆಕಾಶ ನೋಡುವುದಕ್ಕೇ ಒಂದು ಕಚೇರಿ ಇತ್ತು. ಅವರು ಬರೆದಿಟ್ಟರು: ‘ಅತಿಥಿ ನಕ್ಷತ್ರ’ ಬಂತು, 23 ದಿನ ಹಗಲಲ್ಲೇ ಕಂಡಿತು, 1056ರ ಏಪ್ರಿಲ್‌ನಲ್ಲಿ ಮರೆಯಾಯಿತು. ಶುಕ್ರನಿಗಿಂತ ಹೆಚ್ಚು ಬೆಳಕು.

ಹಂಗಾದ್ರ ನಮ್ಮವರು? ಇಲ್ಲಿ ಎರಡು ಪಾರ್ಟಿ ಆಗ್ತಾವ. ಒಂದು ವಾಟ್ಸಾಪ್ ಪಾರ್ಟಿ: ನಮ್ಮ ಹಿರಿಯರಿಗೆ ಎಲ್ಲಾ ಮೊದಲೇ ಗೊತ್ತಿತ್ತು. ಇನ್ನೊಂದು, ನಮ್ಮವರು ಗಂಟೆ ಬಾರಿಸ್ಕೋತ ಕುಂತಿದ್ರು, ತಲಿ ಎತ್ತಿ ನೋಡಲೇ ಇಲ್ಲ ಅನ್ನೋ ಪಾರ್ಟಿ. ಎರಡೂ ಪಾರ್ಟಿ ಕಲ್ಲು ಓದಿಲ್ಲ.

ಮೊದಲು ಮಳೆ ಲೆಕ್ಕಕ್ಕ ತಗೊಳ್ರಿ. ಜುಲೈ ಮೊದಲ ವಾರ ಮುಗದದಾಗ ಆಕಾಶ ಹೆಂಗಿರತೈತಿ? ಕರಿಮೋಡ, ಜಿಟಿಜಿಟಿ, ನಾಟಿ ಕೆಲಸ. ನಮ್ಮದು ಮಲೆನಾಡಿನ ಸೆರಗು. ಹಗಲಲ್ಲಿ ಕಾಣುತ್ತಿದ್ದ ಆ 23 ದಿನ ಇಲ್ಲಿ ಯಾರಿಗಾದರೂ ಕಂಡಿತು ಅನ್ನೋದು ಕಷ್ಟ. ಆದ್ರ ಮೋಡದ ಮೇಲೆ ಪೂರಾ ತಪ್ಪು ಹಾಕಾಕ ಬರಂಗಿಲ್ಲ. ನಕ್ಷತ್ರ ರಾತ್ರಿ ಹೊತ್ತು ಸುಮಾರು 21 ತಿಂಗಳು ಕಂಡಿತು. ದೀಪಾವಳಿ ಹೊತ್ತಿಗೆ ಆಕಾಶ ತೊಳೆದಂಗಿರತೈತಿ, ರೋಹಿಣಿ ನಕ್ಷತ್ರದ ಆಚೆ, ವೃಷಭದ ಕೊಂಬಿನ ತುದಿಯಲ್ಲಿ ಅದು ರಾತ್ರಿ ಹೊತ್ತು ಇತ್ತು. ಹೊಲ ಕಾಯುವವ, ದನ ಕಾಯುವವ, ನಸುಕಿನ್ಯಾಗ ನೀರಿಗೆ ಹೋಗುವಾಕಿ, ಇವರ ಕಣ್ಣಿಗೆ ಬೀಳದೆ ಇರೋದು ಹೆಂಗ? ನೋಡ್ಯಾರ ಅಂತನೇ ನಾನು ಅಂದ್ಕೊಂಡೇನಿ. ಆದರೂ ಜಯ ಸಂವತ್ಸರದಲ್ಲಿ, ಅಂದರೆ ಶಕ 976ರಲ್ಲಿ, ಹೊಸ ಚುಕ್ಕಿ ಕಂಡಿತು ಅಂತ ವಿದ್ವಾಂಸರು ಎಲ್ಲರೂ ಒಪ್ಪುವ ಒಂದು ಸಾಲೂ ನಮ್ಮ ಶಾಸನಗಳಲ್ಲಿ ಇಲ್ಲ.

5/7
ಯಾಕಿಲ್ಲ? ಇದಕ್ಕ ಉತ್ತರ ನಮ್ಮ ಬಿಕಾಂ ಮೊದಲನೇ ಸೆಮಿಸ್ಟರ್ ಪುಸ್ತಕದಾಗ ಐತಿ ಅನ್ನೋದು ನನ್ನ ವಾದ.

ಒಂದು ದಾನಶಾಸನ ತಗೊಂಡು ನೋಡ್ರಿ. ಅರಸನ ಹೆಸರು, ಸಂವತ್ಸರ, ತಿಥಿ, ವಾರ. ಕೊಟ್ಟವರು ಯಾರು, ತಗೊಂಡವರು ಯಾರು. ಎಷ್ಟು ಮತ್ತರು ಭೂಮಿ, ಅದರ ನಾಲ್ಕೂ ದಿಕ್ಕಿನ ಗಡಿ. ಕೊನೆಗೆ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಆಕಳು ಕೊಂದ ಪಾಪ, ಪೆನಾಲ್ಟಿ ಕ್ಲಾಸ್! ಇದು ಪಕ್ಕಾ ವೋಚರ್. ಡೈರಿ ಅಲ್ಲ.

ನಮ್ಮವರು ಆಕಾಶ ನೋಡುತ್ತಿರಲಿಲ್ಲ ಅನ್ನೋ ಮಾತು ಇಲ್ಲೇ ಬಿದ್ದುಹೋಗತೈತಿ. ಸೂರ್ಯಗ್ರಹಣ, ಚಂದ್ರಗ್ರಹಣ, ಉತ್ತರಾಯಣ ಸಂಕ್ರಾಂತಿ, ವ್ಯತೀಪಾತ, ಇವೆಲ್ಲಾ ಕನ್ನಡ ಕಲ್ಲುಗಳ ಮೇಲೆ ಮತ್ತೆ ಮತ್ತೆ ಬರುತ್ತವೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರ ಜೊತೆ ಇಂಥ ಶಾಸನಗಳನ್ನು ಹುಡುಕಿ 2016ರಲ್ಲಿ ಒಂದು ಇಂಗ್ಲಿಷ್ ಪುಸ್ತಕವನ್ನೇ ತಂದಿದ್ದಾರೆ, ‘ಹಿಸ್ಟರಿ ಆಫ್ ದಿ ಸ್ಕೈ ಆನ್ ಸ್ಟೋನ್ಸ್’ ಅಂತ. ಭೂಮಿಯ ತಿರುಗುವಿಕೆ ಸಾವಿರಾರು ವರ್ಷದಲ್ಲಿ ಎಷ್ಟು ನಿಧಾನ ಆಗಿದೆ ಅಂತ ಅಳೆಯೋದಕ್ಕೂ ಜಗತ್ತಿನ ಹಳೇ ಗ್ರಹಣದ ದಾಖಲೆಗಳೇ ಬೇಕು.

ಆದ್ರ ಗ್ರಹಣ ಕಲ್ಲಿಗೆ ಯಾಕ ಏರಿತು? ಆ ದಿನ ದಾನ ಕೊಟ್ಟರೆ ಪುಣ್ಯ ಹೆಚ್ಚು, ಅದಕ್ಕ ಆ ದಿನ ಭೂಮಿ ಕೈ ಬದಲಾಯಿತು, ಅದಕ್ಕ ಎಂಟ್ರಿ ಬಿತ್ತು. ಹೊಸ ನಕ್ಷತ್ರ ಕಂಡ ದಿನ ದಾನ ಕೊಡಬೇಕು ಅನ್ನೋ ವಾಡಿಕೆ ಇರಲಿಲ್ಲ. ಹೆಂಗ ಇರತೈತಿ? ಪಂಚಾಂಗದಾಗ ಅದು ಬರೋದೇ ಇಲ್ಲ. ಮನಿ ಮೆಶರ್‌ಮೆಂಟ್ ಕಾನ್ಸೆಪ್ಟ್ ನೆನಪೈತಿ ಅಲ್ಲಾ? ದುಡ್ಡಿನ್ಯಾಗ ಹೇಳಾಕ ಬರದ ಸಂಗತಿ ಎಷ್ಟೇ ದೊಡ್ಡದಿರಲಿ, ಲೆಕ್ಕದ ಪುಸ್ತಕಕ್ಕ ಬರಂಗಿಲ್ಲ. ಇಲ್ಲೂ ಹಂಗೇ ಆಗಿರಬೇಕು. ಚೀನಾದವರಿಗೆ ಅದಕ್ಕೊಂದು ಖಾತೆ ಇತ್ತು: ಆಕಾಶದಾಗ ಹೊಸದೇನು ಕಂಡರೂ ಅದು ಚಕ್ರವರ್ತಿಗೆ ಶಕುನ, ವರದಿ ಮಾಡಲೇಬೇಕು. ಅವರೇನು ವಿಜ್ಞಾನಕ್ಕೆ ಅಂತ ಬರೀಲಿಲ್ಲ. ಯಾಂಗ್ ವೇಯ್‌ದೆ ಎಂಬ ಅಧಿಕಾರಿ ಅದನ್ನು ಅರಸನಿಗೆ ಶುಭ ಅಂತಲೇ ಅರ್ಥ ಹೇಳಿದ. ಆ ಹೊಗಳಿಕೆಯ ಕಾಗದ ಒಂಬೈನೂರು ವರ್ಷದ ಮೇಲೆ ಖಗೋಳಶಾಸ್ತ್ರಕ್ಕೆ ಉಪಯೋಗ ಆಯಿತು. 1928ರಲ್ಲಿ ಎಡ್ವಿನ್ ಹಬಲ್, ನೀಹಾರಿಕೆ ಹಿಗ್ಗುವ ವೇಗ ನೋಡಿ, ಇದು ಅದೇ 1054ರ ನಕ್ಷತ್ರ ಅಂದರು.

6/7
ನಮ್ಮ ಕಲ್ಲುಗಳಾಗ ಇನ್ನೊಂದು ಮಾತು ಬರತೈತಿ: ಆಚಂದ್ರಾರ್ಕ. ಸೂರ್ಯ ಚಂದ್ರ ಇರೋತನಕ ಈ ದಾನ ನಡೀಲಿ ಅಂತ. ಅದಕ್ಕೇ ಎಷ್ಟೋ ಶಾಸನದ ನೆತ್ತಿ ಮೇಲೆ ಸೂರ್ಯ ಚಂದ್ರ ಕೆತ್ತಿರ್ತಾರ. ಗೋಯಿಂಗ್ ಕನ್ಸರ್ನ್ ಅಂದ್ರ ಇದಕ್ಕಿಂತ ಉದ್ದಂದು ನಾ ನೋಡಿಲ್ಲ.

ಸೂರ್ಯನಿಗೂ ಅವಧಿ ಐತಿ. ಇನ್ನು ಸುಮಾರು 500 ಕೋಟಿ ವರ್ಷ. ಅವನು ಏಡಿಯ ಹಂಗ ಸಿಡಿಯುವಷ್ಟು ಭಾರ ಇಲ್ಲ. ಉಬ್ಬಿ ಕೆಂಪಾಗಿ, ಹೊರಮೈಯನ್ನು ಉಳ್ಳಾಗಡ್ಡಿ ಸಿಪ್ಪೆ ಹಂಗ ಪದರ ಪದರವಾಗಿ ಬಿಡುತ್ತಾನೆ. ನಡುವೆ ಉಳಿದ ಬಿಸಿ ತಿರುಳಿನ ಬೆಳಕಿಗೆ ಆ ಪದರಗಳು ಕೆಲವು ಸಾವಿರ ವರ್ಷ ಹೊಳೆಯುತ್ತವೆ. ಇದಕ್ಕೆ ಗ್ರಹ ನೀಹಾರಿಕೆ ಅಂತ ಹೆಸರು. ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ, ಹಳೇ ದೂರದರ್ಶಕದಲ್ಲಿ ಗ್ರಹದ ಹಾಗೆ ದುಂಡಗೆ ಕಂಡಿತ್ತು ಅಷ್ಟೇ.

ಈ ಸಿಪ್ಪೆ ಸುಲಿಯೋ ಲೆಕ್ಕದಾಗ ನಮ್ಮ ರಾಜ್ಯದ್ದೊಂದು ಎಂಟ್ರಿ ಐತಿ. 2015ರ ಸೆಪ್ಟೆಂಬರ್ 28ಕ್ಕೆ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಅತಿನೇರಳೆ ದೂರದರ್ಶಕ ಇದೆ. ಅದರಿಂದ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಎನ್‌ಜಿಸಿ 40 ಮತ್ತು ಚಿಟ್ಟೆ ನೀಹಾರಿಕೆ ಅನ್ನೋ ಎನ್‌ಜಿಸಿ 6302ರ ಸುತ್ತ, ಮಾಮೂಲಿ ಬೆಳಕಿನ ಫೋಟೋದಲ್ಲಿ ಇಲ್ಲದ ದೊಡ್ಡ ಪ್ರಭಾವಳಿಗಳನ್ನು ಕಂಡು 2018ರಲ್ಲಿ ಪ್ರಕಟಿಸಿದರು. ಅಂದ್ರ ನೀವು ಸ್ಟೋರಿಗೆ ಹಾಕೋ ಚಿಟ್ಟೆಗೆ ಕಣ್ಣಿಗೆ ಕಾಣದ ಇನ್ನೊಂದು ಸೆರಗು ಐತಿ.

7/7
ಅದೇ ಆಸ್ಟ್ರೋಸ್ಯಾಟ್‌ನ ಒಂದು ಎಕ್ಸ್-ರೇ ಉಪಕರಣ, ಸಿಜೆಡ್‌ಟಿಐ, 2015ರ ಅಕ್ಟೋಬರ್‌ನಲ್ಲಿ ಕಣ್ಣು ತೆರೆದು ಮೊದಲು ನೋಡಿದ್ದು ಏಡಿ ನೀಹಾರಿಕೆಯನ್ನೇ. ಉಪಗ್ರಹದ ದತ್ತಾಂಶ ಇಡೋದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಜಯ ಸಂವತ್ಸರದಾಗ ಬೀಳದ ಎಂಟ್ರಿ ಕರ್ನಾಟಕದಾಗ ಬಿದ್ದದ್ದು 961 ವರ್ಷ ತಡವಾಗಿ!

ನಿಮಗೂ ನೋಡಬೇಕಂದ್ರ ಡಿಸೆಂಬರ್ ಅಮಾವಾಸ್ಯೆ ಆಸುಪಾಸು ರಾತ್ರಿ ಹತ್ತರ ಮೇಲೆ ಕೆರೆ ಕಡೆ ಬರ್ರಿ, ಬೀದಿದೀಪ ಬೆನ್ನಿಗೆ ಹಾಕಿ ನಿಲ್ರಿ. ಕೃತ್ತಿಕೆ, ಆಮೇಲೆ ಕೆಂಪಗಿನ ರೋಹಿಣಿ, ಅಲ್ಲಿಂದ ಪೂರ್ವಕ್ಕೆ ಕೊಂಬಿನ ತುದಿಯ ಚುಕ್ಕಿ, ಅದರ ಪಕ್ಕದಲ್ಲೇ. ಬರಿಗಣ್ಣಿಗೆ ಸಿಗಂಗಿಲ್ಲ, ಬೈನಾಕ್ಯುಲರ್ ಬೇಕು. ಕೆಂಪು, ನೀಲಿ ಏನೂ ಕಾಣಂಗಿಲ್ಲ, ಮೊದಲೇ ಹೇಳ್ತೇನಿ. ಸಣ್ಣದೊಂದು ಬೂದಿ ಬಣ್ಣದ ಮಸುಕು.

ಮತ್ತ ನಿಮ್ಮೂರ ಗುಡಿ ಹಿಂದೆ, ಕೆರೆ ಏರಿ ಮೇಲೆ, ನೆತ್ತಿಗೆ ಸೂರ್ಯ ಚಂದ್ರ ಇರೋ ಕಲ್ಲು ಇದ್ರ ಫೋಟೋ ಕಳಿಸ್ರಿ. ಅಕ್ಷರ ಕಾಣಲಿ ಅಂತ ಸುಣ್ಣ, ಎಣ್ಣೆ, ಪೇಂಟ್ ಹಚ್ಚಬ್ಯಾಡ್ರಿ. ಸಂಜಿ ಮುಂದ, ಬಿಸಿಲು ಓರೆ ಬಿದ್ದಾಗ ತೆಗೀರಿ, ಅಕ್ಷರ ತಾವೇ ಎದ್ದು ಕಾಣ್ತಾವ.

#ಮುಗದ #ಶಾಸನ #ಏಡಿನೀಹಾರಿಕೆ #ಧಾರವಾಡ