ನಕ್ಕರೆ ಕುಸಿಯುವ ಕಾಲು

ಫ್ರಾನ್ಸಿನ ವೈದ್ಯ ಜೆಲಿನೋ ಅವರ ಬಳಿ ಬಂದ ರೋಗಿ ವೈನ್ ಪೀಪಾಯಿಗಳ ವ್ಯಾಪಾರಿ, ವಯಸ್ಸು 38. ದಿನಕ್ಕೆ 200 ಸಲದವರೆಗೂ ನಿದ್ದೆ ಅವನ ಮೇಲೆರಗುತ್ತಿತ್ತು. ಜೋರಾಗಿ ನಕ್ಕರೆ, ಒಳ್ಳೆಯ ವ್ಯಾಪಾರ ಕುದುರುವಂತೆ ಕಂಡರೆ ಕಾಲು ಸೋತು ಕುಸಿಯುತ್ತಿದ್ದ. ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಿದ್ದರಂತೂ ಕೈಯೇ ಆಡುತ್ತಿರಲಿಲ್ಲ. 1880ರಲ್ಲಿ ಜೆಲಿನೋ ಈ ಕಾಯಿಲೆಗೆ ‘ನಾರ್ಕೊಲೆಪ್ಸಿ’ ಎಂದು ಹೆಸರಿಟ್ಟರು.

ಇದು ವಂಶದಿಂದ ಬರುವುದೇ ಎಂಬ ಅನುಮಾನ ಆ ಹೆಸರಿಗಿಂತ ಹಳೆಯದು. ಜರ್ಮನಿಯ ವೆಸ್ಟ್‌ಫಾಲ್ 1877ರಲ್ಲೇ ಇಂಥ ರೋಗಿಯೊಬ್ಬನನ್ನು ವರ್ಣಿಸಿದ್ದರು. ಅವನ ತಾಯಿಗೂ ಅದೇ ತೊಂದರೆಯಿತ್ತು.

ಅನುಮಾನಕ್ಕೆ ಬಲ ಬಂದದ್ದು ನಾಯಿಗಳಿಂದ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡಿಮೆಂಟ್ ನಾರ್ಕೊಲೆಪ್ಸಿ ಇದ್ದ ನಾಯಿಗಳನ್ನು ಸಾಕಿದರು. ಪರೀಕ್ಷೆ ಬಲು ಸರಳ: ನೆಲದ ಮೇಲೆ ತಿಂಡಿಯ ಚೂರುಗಳನ್ನು ಸಾಲಾಗಿಟ್ಟು ನಾಯಿಯನ್ನು ಬಿಡುವುದು. ಆರೋಗ್ಯದ ನಾಯಿ ಕ್ಷಣಾರ್ಧದಲ್ಲಿ ಎಲ್ಲ ಮುಗಿಸುತ್ತಿತ್ತು. ರೋಗದ ಡಾಬರ್‌ಮನ್ ಒಂದು ಚೂರು ಬಾಯಿಗಿಡುವಷ್ಟರಲ್ಲೇ ಖುಷಿಗೆ ಹಿಂಗಾಲು ಮಡಚಿ ಕುಸಿದು, ಎದ್ದು, ಮುಂದಿನ ಚೂರಿನ ಮುಂದೆ ಮತ್ತೆ ಕುಸಿಯುತ್ತಿತ್ತು. ಡಾಬರ್‌ಮನ್ ಮತ್ತು ಲ್ಯಾಬ್ರಡಾರ್‌ಗಳಲ್ಲಿ ರೋಗ ಪೀಳಿಗೆಯಿಂದ ಪೀಳಿಗೆಗೆ ಲೆಕ್ಕ ಹಾಕಿದಂತೆ ಇಳಿಯುತ್ತಿತ್ತು. 1999ರಲ್ಲಿ ಇಮ್ಯಾನ್ಯುಯೆಲ್ ಮಿನ್ಯೋ ಅವರ ತಂಡ ಅದರ ಜೀನನ್ನೂ ಹಿಡಿಯಿತು. ಎಚ್ಚರವನ್ನು ಕಾಯುವ ಹೈಪೊಕ್ರೆಟಿನ್ ಎಂಬ ರಾಸಾಯನಿಕದ ಸಂದೇಶ ಪಡೆಯುವ ಗ್ರಾಹಕವೇ ಆ ನಾಯಿಗಳಲ್ಲಿ ಕೆಟ್ಟಿತ್ತು.

ಮನುಷ್ಯರಲ್ಲಿ ಲೆಕ್ಕ ತಪ್ಪಿತು.

2000ದಲ್ಲಿ ರೋಗಿಗಳ ಮೆದುಳನ್ನು ಪರೀಕ್ಷಿಸಿದಾಗ ಆ ಜೀನ್ ಬಹುತೇಕ ಸರಿಯಾಗಿಯೇ ಇತ್ತು. ಇಲ್ಲವಾಗಿದ್ದದ್ದು ಹೈಪೊಕ್ರೆಟಿನ್ ತಯಾರಿಸುವ ಜೀವಕೋಶಗಳು. ಅವನ್ನು ಯಾರೋ ಅಳಿಸಿದಂತಿತ್ತು. ಆರೋಪಿಯ ಸುಳಿವು ಜಪಾನಿನಲ್ಲಿ ಮೊದಲೇ ಸಿಕ್ಕಿತ್ತು. ದೇಹದ ರೋಗನಿರೋಧಕ ಪಡೆಗೆ ತನ್ನವರು ಯಾರು, ಪರರು ಯಾರು ಎಂದು ತಿಳಿಸುವ ಎಚ್‌ಎಲ್‌ಎ ಜೀನಿನ ಒಂದು ಬಗೆ ಅಲ್ಲಿನ ರೋಗಿಗಳಲ್ಲಿ ಹೆಚ್ಚೂಕಮ್ಮಿ ಎಲ್ಲರಲ್ಲೂ ಇದ್ದುದನ್ನು 1980ರ ದಶಕದಲ್ಲೇ ಯುತಾಕಾ ಹೊಂಡಾ ಮತ್ತು ಸಂಗಡಿಗರು ಗುರುತಿಸಿದ್ದರು. ಆದರೆ ಅದೇ ಬಗೆ ಇದ್ದೂ ಆರಾಮಾಗಿರುವ ಜನ ಲೆಕ್ಕವಿಲ್ಲದಷ್ಟು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೂ ಬರುವುದು 100ಕ್ಕೆ 25–31 ಜೋಡಿಗಳಲ್ಲಿ ಮಾತ್ರ. ಹಾಗಾದರೆ ಕಿಡಿ ಹಚ್ಚುವುದು ಯಾವುದು?

ಉತ್ತರ ಬಂದದ್ದು ಸಾಂಕ್ರಾಮಿಕದ ಬೆನ್ನಿಗೆ. 2009ರ ಎಚ್1ಎನ್1 ಜ್ವರದ ನಂತರ, 2010ರ ಆಗಸ್ಟ್‌ನಲ್ಲಿ, ಫಿನ್‌ಲ್ಯಾಂಡ್ ಮತ್ತು ಸ್ವೀಡನ್‌ಗಳಿಂದ ಸುದ್ದಿ ಬಂತು: ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆ ಪಡೆದ ಮಕ್ಕಳಲ್ಲಿ ನಾರ್ಕೊಲೆಪ್ಸಿ ಏರುತ್ತಿದೆ. ಫಿನ್‌ಲ್ಯಾಂಡಿನಲ್ಲಿ 4ರಿಂದ 19 ವರ್ಷದವರಲ್ಲಿ ಅಪಾಯ 12.7 ಪಟ್ಟು ಹೆಚ್ಚಿತ್ತು. ಅಲ್ಲಿ ಪರೀಕ್ಷೆಗೊಳಗಾದ ಆ ಮಕ್ಕಳೆಲ್ಲರಲ್ಲೂ ಅದೇ ಎಚ್‌ಎಲ್‌ಎ ಬಗೆ ಇತ್ತು. ಲಸಿಕೆಯೊಂದನ್ನೇ ದೂರುವಂತಿರಲಿಲ್ಲ. ಚೀನಾದಲ್ಲಿ ರೋಗಿಗಳ ಪೈಕಿ ಹೆಚ್ಚಿನವರು ಲಸಿಕೆಯನ್ನೇ ಪಡೆದಿರಲಿಲ್ಲ. ಆದರೂ ಎಚ್1ಎನ್1 ಚಳಿಗಾಲ ಕಳೆದ ಮೇಲೆ ಹೊಸ ಪ್ರಕರಣಗಳು ಸುಮಾರು ಮೂರುಪಟ್ಟಾದವು.

ಬೀಜ ಮನೆತನದ್ದು, ಮಳೆ ಹೊರಗಿನದು; ಒಂದು ಬಂದು ಇನ್ನೊಂದು ಬಾರದಿದ್ದರೆ ಮೊಳಕೆಯಿಲ್ಲ. ‘ನಮ್ಮ ಮಗುವಿಗೂ ಬಂದೀತೇ?’ ಎಂದು ಕೇಳುವ ರೋಗಿಗೆ ವೈದ್ಯರು ಇಂದು ಕೊಡುವ ಅಂಕಿ 100ಕ್ಕೆ ಒಂದೋ ಎರಡೋ.