ಕೈಕಾಗದ ಶಿಕ್ಷಣ, ಭಾರತದಲ್ಲಿ

ಸಸ್ಯದ ನಾರು, ಹಳೆಯ ಹಗ್ಗ, ಚಿಂದಿಬಟ್ಟೆಗಳಿಂದ ಕೈಯಾರೆ ಕಾಗದ ಮಾಡುವುದನ್ನು ಕಲಿಸುವ ಪರಂಪರೆ. ಈ ವಿದ್ಯೆ ಮೊದಲು ಮನೆತನಗಳಲ್ಲಿ, ಆಮೇಲೆ ಜೈಲುಗಳಲ್ಲಿ, 20ನೇ ಶತಮಾನದಲ್ಲಿ ಗ್ರಾಮೋದ್ಯೋಗ ಕೇಂದ್ರಗಳಲ್ಲಿ, ಈಗೀಗ ಕಮ್ಮಟಗಳಲ್ಲಿ ಸಾಗಿಬಂದಿದೆ.

15ನೇ ಶತಮಾನದಲ್ಲಿ ಕಾಶ್ಮೀರದ ಸುಲ್ತಾನ ಜೈನುಲ್ ಆಬಿದೀನ್ ಸಮರ್‌ಕಂದದಿಂದ ಕಾಗದದ ಕುಶಲಕರ್ಮಿಗಳನ್ನು ಕರೆಸಿಕೊಂಡನೆಂದು ಪ್ರತೀತಿ. ಮುಂದೆ ಅಹಮದಾಬಾದ್, ಕಾಲ್ಪಿ, ಜುನ್ನರ್, ದೌಲತಾಬಾದ್ ಬಳಿಯ ಕಾಗಜೀಪುರ, ಜೈಪುರದ ಪಕ್ಕದ ಸಾಂಗಾನೇರ್‌ಗಳಲ್ಲಿ ಕಾಗದ ಮಾಡುವ ಕಾಗಜಿ ಮನೆತನಗಳು ನೆಲೆಗೊಂಡವು. ಕನ್ನಡ ನಾಡಿನಲ್ಲಾದರೋ ಕಾಗದ ಬಂದ ಮೇಲೂ ಓಲೆಗರಿ ಉಳಿದಿತ್ತು. ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುವ ರೂಢಿಯೂ ಬಹುಕಾಲ ನಡೆಯಿತು.

ಕಾಗಜಿಗಳಲ್ಲಿ ಪಾಠವೆಂದರೆ ಮನೆಗೆಲಸವೇ. ಸೆಣಬಿನ ಹಗ್ಗ, ಗೋಣಿಚೀಲಗಳನ್ನು ತುಂಡರಿಸಿ, ಸುಣ್ಣದ ನೀರಿನಲ್ಲಿ ನೆನೆಹಾಕಿ, ಕಾಲೊತ್ತಿನ ಒನಕೆಯಲ್ಲಿ ಕುಟ್ಟಿ, ಮತ್ತೆ ಮತ್ತೆ ತೊಳೆಯುತ್ತಿದ್ದರು. ನೆಲದಲ್ಲಿ ಹೂತ ತೊಟ್ಟಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕುಳಿತವನು ಹುಲ್ಲಿನ ಕಡ್ಡಿಗಳ ಜಾಲರಿಯನ್ನು ಚೌಕಟ್ಟಿನ ಸಮೇತ ಅದ್ದಿ ಎತ್ತುತ್ತಿದ್ದ. ಹಾಳೆಯನ್ನು ಗೋಡೆಗಂಟಿಸಿ ಒಣಗಿಸುವುದು, ಗಂಜಿ ಸವರಿ ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು ಮನೆಮಂದಿಯ ಪಾಲಿಗೆ. ಎಲ್ಲಕ್ಕಿಂತ ಕಷ್ಟದ್ದು ಎತ್ತುವ ಕೆಲಸ: ನೀರು ಬಸಿಯುವ ಆ ಗಳಿಗೆಯಲ್ಲಿ ಜಾಲರಿಯನ್ನು ಎಷ್ಟು ಅಲುಗಾಡಿಸಬೇಕೆಂಬುದನ್ನು ಬರೆದು ತಿಳಿಸಲಾಗದು, ಪಕ್ಕದಲ್ಲಿ ಕುಳಿತೇ ಕಲಿಯಬೇಕು.

19ನೇ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಜೈಲುಗಳಲ್ಲಿ ಕೈದಿಗಳಿಗೆ ಈ ಕೆಲಸ ಹಚ್ಚಿತು. ಕೂಲಿ ಕೊಡಬೇಕಿಲ್ಲದ ಕಾಗದದೆದುರು ಕಾಗಜಿಗಳು ಸೋತರು. ಗಿರಣಿ ಕಾಗದ ಉಳಿದದ್ದನ್ನೂ ಕಸಿಯಿತು. ಕಸುಬನ್ನು ಹೆಚ್ಚು ಜನರಿಗೆ ಕಲಿಸಿದ್ದರಿಂದಲೇ ಕಸುಬುದಾರರು ಹಾಳಾದ ಉದಾಹರಣೆಯಿದು.

ತಿರುವು ಬಂದದ್ದು 1934ರಲ್ಲಿ. ಗಾಂಧೀಜಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಜೆ. ಸಿ. ಕುಮಾರಪ್ಪನವರ ಮುಂದಾಳತ್ವದಲ್ಲಿ ವಾರ್ಧಾದ ಮಗನವಾಡಿಯಲ್ಲಿ ಕಾಗದ ತಯಾರಿಕೆಯ ತರಬೇತಿಗೂ ಜಾಗ ಕೊಟ್ಟಿತು. ಅಲ್ಲಿ ದುಡಿದ ಕೆ. ಬಿ. ಜೋಶಿಯವರು ಕಾಗಜಿಗಳ ಪದ್ಧತಿಯನ್ನು ಅಭ್ಯಾಸ ಮಾಡಿ ಕೈಪಿಡಿ ಬರೆದರು. 1940ರಲ್ಲಿ ಪುಣೆಯಲ್ಲಿ ಕೈಕಾಗದ ಸಂಸ್ಥೆ ಆರಂಭವಾಯಿತು. ಜಾತಿ, ಮನೆತನಗಳ ಹಂಗಿಲ್ಲದೆ ಯಾರು ಬೇಕಾದರೂ ಕಲಿಯಬಹುದೆಂಬುದು ಇಲ್ಲಿನ ನಿಜವಾದ ಹೊಸತನ. ಅಮೆರಿಕದ ಕಾಗದ ಇತಿಹಾಸಕಾರ ಡಾರ್ಡ್ ಹಂಟರ್ 1930ರ ದಶಕದಲ್ಲಿ ಭಾರತ ಸುತ್ತಿ, ಇಲ್ಲಿನ ವಿಧಾನಗಳ ಬಗ್ಗೆ 1939ರಲ್ಲಿ ಪುಸ್ತಕ ತಂದ.

ಸ್ವಾತಂತ್ರ್ಯಾನಂತರ ಈ ಹೊಣೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ್ದಾಯಿತು. ಸಾಂಗಾನೇರ್‌ನಲ್ಲಿ ಕುಮಾರಪ್ಪನವರ ಹೆಸರಿನ ರಾಷ್ಟ್ರೀಯ ಕೈಕಾಗದ ಸಂಸ್ಥೆಯಿದೆ. ಕಚ್ಚಾವಸ್ತು ಈಗ ಮುಖ್ಯವಾಗಿ ಬನಿಯನ್ ಕಾರ್ಖಾನೆಗಳ ಹತ್ತಿಚೂರು. ಒನಕೆಯ ಜಾಗಕ್ಕೆ, 17ನೇ ಶತಮಾನದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ ಹಾಲೆಂಡರ್ ಬೀಟರ್ ಬಂದಿದೆ. ಅದರ ಬಗ್ಗೆ ತಕರಾರು ಬೇಡ. ಕುಟ್ಟುವುದು ಬರೀ ದಣಿವಿನ ಕೆಲಸ.

ಕರ್ನಾಟಕದಲ್ಲಿ ನಾರಿನ ಕಲಿಕೆ ಕಾಗದದಾಚೆಗೂ ಸಾಗಿದೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಹೆಂಗಸರಿಗೆ ಬಾಳೆನಾರಿನ ಹೆಣಿಗೆ ಕಲಿಸಿತು; ಗೊನೆ ಕಡಿದ ಮೇಲೆ ಎಸೆಯುತ್ತಿದ್ದ ಬಾಳೆಪಟ್ಟೆ ಹುರಿಯಾಗಿ, ಬುಟ್ಟಿ, ಚೀಲಗಳಾಗುತ್ತದೆ.

ಇಂದಿನ ಕಮ್ಮಟಗಳಲ್ಲಿ ಮಕ್ಕಳು ರದ್ದಿ ಕಾಗದವನ್ನು ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಬಲೆ ಬಿಗಿದ ಚೌಕಟ್ಟಿನಿಂದ ಎತ್ತುತ್ತಾರೆ. ಪರಿಚಯಕ್ಕೆ ಇದು ಸಾಕು, ಕಸುಬಿಗೆ ಸಾಲದು. ರದ್ದಿಯ ನಾರು ಆಗಲೇ ಮೊಟಕಾಗಿರುತ್ತದೆ. ಇನ್ನು ಕಸುಬಿನಲ್ಲೂ ಹಾಳೆಯನ್ನು ಕೈಯೇ ಎತ್ತಬೇಕೆಂದಿಲ್ಲ: ತಿರುಗುವ ಉರುಳೆಯ ಯಂತ್ರ ಎತ್ತಿದ್ದನ್ನೂ ಭಾರತದಲ್ಲಿ ಕೈಕಾಗದವೆಂದೇ ಪರಿಗಣಿಸುತ್ತಾರೆ.